ಅಟ್ಲಾಂಟಿಕ್ ದಾಟಿದ ಬಾಲ್ಸಾ ಹಕ್ಕಿ

ಐದು ಕಿಲೋ ತೂಕ, ಆರಡಿ ರೆಕ್ಕೆ, ನಾಲ್ಕು ಲೀಟರಿಗೂ ಕಡಿಮೆ ಇಂಧನ. ಕಣ್ಣು ಮಂಜಾದ ಮುದುಕರೊಬ್ಬರು ಕೈಯಾರೆ ಕಟ್ಟಿದ ಮಾದರಿ ವಿಮಾನ 3,000 ಕಿಲೋಮೀಟರ್ ಸಾಗರ ದಾಟಿದ್ದು ಹೇಗೆ?

2003ರ ಆಗಸ್ಟ್ 11, ಸೋಮವಾರ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಕ್ಲಿಫ್ಡನ್ ಪಟ್ಟಣದ ಹತ್ತಿರ ಮ್ಯಾನಿನ್ ಎಂಬ ಕಡಲತೀರವಿದೆ. ಅಂದು ಮಧ್ಯಾಹ್ನ ಎರಡು ಗಂಟೆ ದಾಟುತ್ತಿದ್ದಂತೆ ಸಮುದ್ರದ ಕಡೆಯಿಂದ ಸಣ್ಣದೊಂದು ವಿಮಾನ ಬಂದು ಅಲ್ಲಿ ಇಳಿಯಿತು. ಅದರೊಳಗೆ ಯಾರೂ ಇರಲಿಲ್ಲ. ಯಾರೂ ಕೂರುವಷ್ಟು ಜಾಗವೂ ಇರಲಿಲ್ಲ. ಏಕೆಂದರೆ ಅದರ ರೆಕ್ಕೆಯ ಉದ್ದ ಈ ತುದಿಯಿಂದ ಆ ತುದಿಗೆ ಬರೀ ಆರಡಿ. ಮೂಗಿನಿಂದ ಬಾಲದವರೆಗೂ ಹೆಚ್ಚುಕಡಿಮೆ ಅಷ್ಟೇ. ಇಂಧನ ತುಂಬಿದಾಗ ತೂಕ ಐದು ಕಿಲೋಗೆ ಕೂದಲೆಳೆಯಷ್ಟು ಕಡಿಮೆ.

ಆ ಪುಟಾಣಿ ಎರಡು ದಿನ ಹಿಂದೆ, ಆಗಸ್ಟ್ 9ರ ಸಂಜೆ, ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದ ಕೇಪ್ ಸ್ಪಿಯರ್ ಎಂಬ ಭೂಶಿರದಿಂದ ಹೊರಟಿತ್ತು. 38 ಗಂಟೆ 52 ನಿಮಿಷ 19 ಸೆಕೆಂಡ್ ಎಲ್ಲಿಯೂ ನಿಲ್ಲದೆ ಹಾರಿ, 3,028 ಕಿಲೋಮೀಟರ್ ಸಾಗರವನ್ನು ದಾಟಿತ್ತು. ಬೆಂಗಳೂರಿನಿಂದ ದೆಹಲಿಗೆ ಹಾರಿ, ಅಲ್ಲಿಂದ ಹಿಂದಿರುಗಿ ಮುಕ್ಕಾಲು ದಾರಿ ಬಂದಷ್ಟು ದೂರ ಅದು. ಮಾದರಿ ವಿಮಾನಗಳ ಇತಿಹಾಸದಲ್ಲಿ ದೂರ ಮತ್ತು ಹಾರಾಟದ ಅವಧಿ ಎರಡರಲ್ಲೂ ವಿಶ್ವದಾಖಲೆ.

ಇದನ್ನು ಕಟ್ಟಿದವರು ಅಮೆರಿಕದ ಮೇನಾರ್ಡ್ ಹಿಲ್. ಆಗ ಅವರ ವಯಸ್ಸು 77. ಕಣ್ಣು ಎಷ್ಟು ಮಂಜಾಗಿತ್ತೆಂದರೆ ಕಾನೂನಿನ ಪ್ರಕಾರ ಅವರನ್ನು ಅಂಧರೆಂದೇ ಪರಿಗಣಿಸಲಾಗಿತ್ತು. ಕಿವಿಯೂ ಹೆಚ್ಚುಕಡಿಮೆ ಕೇಳುತ್ತಿರಲಿಲ್ಲ.

ಆಟಿಕೆಯಲ್ಲ, ವಿಮಾನವೇ

ಮಾದರಿ ವಿಮಾನ ಎಂದಕೂಡಲೇ ಜಾತ್ರೆಯಲ್ಲಿ ಮಾರುವ ಆಟಿಕೆ ಅನೇಕರ ನೆನಪಿಗೆ ಬರುತ್ತದೆ. ಆದರೆ ದೂರನಿಯಂತ್ರಿತ ಮಾದರಿ ವಿಮಾನ ಎಲ್ಲ ಅರ್ಥದಲ್ಲಿಯೂ ನಿಜವಾದ ವಿಮಾನ. ದೊಡ್ಡ ವಿಮಾನವನ್ನು ಮೇಲೆತ್ತುವ ಗಾಳಿಯೇ ಇದನ್ನೂ ಎತ್ತಬೇಕು. ಅದಕ್ಕಿರುವ ನಿಯಮಗಳೇ ಇದಕ್ಕೂ. ರೆಕ್ಕೆಯ ಅಂಚಿನಲ್ಲಿ, ಬಾಲದಲ್ಲಿ ಮಡಚುವ ಪಟ್ಟಿಗಳಿರುತ್ತವೆ. ನೆಲದ ಮೇಲೆ ನಿಂತವರು ಕೈಯಲ್ಲಿನ ಪ್ರೇಷಕದ ಕಡ್ಡಿಯನ್ನು ಅಲುಗಿಸಿದಂತೆ ವಿಮಾನದೊಳಗಿನ ಗ್ರಾಹಕ ರೇಡಿಯೋ ಅಲೆಗಳನ್ನು ಹಿಡಿಯುತ್ತದೆ. 'ಸರ್ವೋ' ಎಂಬ ಪುಟ್ಟ ಮೋಟಾರುಗಳು ಆ ಪಟ್ಟಿಗಳನ್ನು ಅಷ್ಟೇ ಪ್ರಮಾಣದಲ್ಲಿ ತಿರುಗಿಸುತ್ತವೆ.

ರೇಡಿಯೋ ಮೂಲಕ ದೋಣಿಯೊಂದನ್ನು ದೂರದಿಂದಲೇ ನಡೆಸಬಹುದೆಂದು ನಿಕೋಲಾ ಟೆಸ್ಲಾ 1898ರಲ್ಲಿಯೇ ತೋರಿಸಿಕೊಟ್ಟಿದ್ದರು. ಮಾದರಿ ವಿಮಾನಕ್ಕೆ ಈ ವಿದ್ಯೆ ಬಂದದ್ದು 1930ರ ದಶಕದಲ್ಲಿ. ಅಮೆರಿಕದ ಕಲಮಜೂ ಊರಿನ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು 1937ರಲ್ಲಿ ಎಂಟಡಿ ರೆಕ್ಕೆಯ 'ಗಫ್' ಎಂಬ ವಿಮಾನವನ್ನು ರೇಡಿಯೋ ಮೂಲಕ ಹಾರಿಸಿದರು. ಅವರಲ್ಲಿ ವಾಲ್ಟರ್ ಗುಡ್ ಮುಂದೆ ಸೇರಿದ್ದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯವನ್ನು. ಲೋಹವಿಜ್ಞಾನಿಯಾಗಿದ್ದ ಮೇನಾರ್ಡ್ ಹಿಲ್ ದುಡಿದದ್ದೂ ಅಲ್ಲಿಯೇ.

ಹಿಲ್ ಅವರಿಗೆ ದಾಖಲೆಗಳು ಹೊಸವಲ್ಲ. 1970ರಲ್ಲಿ ಅವರ ಮಾದರಿ ವಿಮಾನ 8,200 ಮೀಟರಿಗೂ ಎತ್ತರಕ್ಕೆ ಏರಿತ್ತು. ಎವರೆಸ್ಟ್ ಶಿಖರಕ್ಕಿಂತ ಸುಮಾರು 650 ಮೀಟರ್ ಕಡಿಮೆ, ಅಷ್ಟೆ! ಎತ್ತರ, ವೇಗ, ಅವಧಿ, ದೂರ ಎಂದು ಒಂದೊಂದನ್ನಾಗಿ ಗೆಲ್ಲುತ್ತ ಬಂದವರಿಗೆ ಉಳಿದದ್ದು ಅಟ್ಲಾಂಟಿಕ್.

ತಕ್ಕಡಿಯ ಕಟ್ಟಳೆ

ಚಾಲಕರಿಲ್ಲದ ವಿಮಾನ ಅಟ್ಲಾಂಟಿಕ್ ದಾಟಿದ್ದು ಇದೇ ಮೊದಲಲ್ಲ. 1998ರಲ್ಲಿ 'ಏರೋಸಾಂಡ್' ಎಂಬ ಹವಾಮಾನ ವೀಕ್ಷಣೆಯ ವಿಮಾನ ನ್ಯೂಫೌಂಡ್‌ಲೆಂಡಿನಿಂದ ಸ್ಕಾಟ್ಲೆಂಡಿನ ದ್ವೀಪವೊಂದಕ್ಕೆ ಹಾರಿತ್ತು. ಆದರೆ ಅದರ ತೂಕ ಸುಮಾರು 13 ಕಿಲೋ. ಹಿಲ್ ಆಯ್ದುಕೊಂಡ ದಾರಿ ಇನ್ನೂ ಇಕ್ಕಟ್ಟಿನದು. ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟದ ನಿಯಮದಂತೆ ದಾಖಲೆಗೆ ಇಳಿಯುವ ಮಾದರಿ ವಿಮಾನ ಇಂಧನವೂ ಸೇರಿ 5 ಕಿಲೋ ಮೀರುವಂತಿಲ್ಲ. ಎಂಜಿನ್ನಿನ ಗಾತ್ರ 10 ಸಿ.ಸಿ. ಮೀರುವಂತಿಲ್ಲ. ನಮ್ಮ ರಸ್ತೆಗಳಲ್ಲಿ ಓಡುವ ಸಾಮಾನ್ಯ ಮೋಟಾರ್ ಸೈಕಲ್ಲಿನ ಎಂಜಿನ್ನು 100 ಸಿ.ಸಿ. ಎಂಬುದನ್ನು ನೆನೆದರೆ ಇದು ಎಷ್ಟು ಚಿಕ್ಕದೆಂದು ತಿಳಿದೀತು.

ಈಗ ಒಂದು ಸರಳ ಲೆಕ್ಕ ನೋಡಿ. ಒಟ್ಟು ತೂಕ ಐದು ಕಿಲೋ. ಸಾಗರ ದಾಟಲು ಎರಡೂವರೆ ಕಿಲೋದಷ್ಟು ಇಂಧನ ಬೇಕೇ ಬೇಕು ಎನ್ನಿ. ಹಾಗಾದರೆ ರೆಕ್ಕೆ, ಒಡಲು, ಬಾಲ, ಎಂಜಿನ್ನು, ಟ್ಯಾಂಕು, ಬ್ಯಾಟರಿ, ರೇಡಿಯೋ, ಗಣಕ, ತಂತಿಗಳು, ಅಂಟು, ಮೊಳೆಗಳು ಎಲ್ಲ ಸೇರಿ ಉಳಿದ ಎರಡೂವರೆ ಕಿಲೋದಲ್ಲಿ ಮುಗಿಯಬೇಕು! ಎಲ್ಲೋ ಒಂದು ಕಡೆ 50 ಗ್ರಾಂ ಹೆಚ್ಚಾಯಿತೆಂದರೆ 50 ಗ್ರಾಂ ಇಂಧನ ಹೋಯಿತೆಂದೇ ಅರ್ಥ. 50 ಗ್ರಾಂ ಇಂಧನವೆಂದರೆ ಸಾಗರದ ಮೇಲೆ ಸುಮಾರು 60 ಕಿಲೋಮೀಟರ್. ದಡಕ್ಕೆ ಅರವತ್ತು ಕಿಲೋಮೀಟರ್ ಇರುವಾಗ ಎಂಜಿನ್ನು ನಿಂತರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬರೇ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹಾರಿದ 'ಸ್ಪಿರಿಟ್ ಆಫ್ ಸೇಂಟ್ ಲೂಯಿಸ್' ವಿಮಾನದಲ್ಲಿಯೂ ಇದೇ ಕಥೆ. ನೆಲ ಬಿಟ್ಟಾಗ ಅದರ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಪೆಟ್ರೋಲೇ ಆಗಿತ್ತು. ದೂರ ಹಾರುವ ಯಾವುದೇ ವಿಮಾನ ಮೂಲತಃ ಒಂದು ಹಾರುವ ಟ್ಯಾಂಕು. ಟ್ಯಾಂಕಿನ ಸುತ್ತ ಎಷ್ಟು ಕಡಿಮೆ ಸಾಮಾನಿನಲ್ಲಿ ವಿಮಾನ ಕಟ್ಟುತ್ತೀರಿ ಎಂಬುದೇ ಜಾಣ್ಮೆ.

ತೊಲೆ, ಜಂತೆ, ಹೊದಿಕೆ

ಹಿಲ್ ಕಟ್ಟಿದ್ದು ಬಾಲ್ಸಾ ಮರದಲ್ಲಿ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಿಂದ ಬರುವ ಈ ಮರ ನಮ್ಮ ಬೂರುಗದ ಮರದ ದೂರದ ಬಂಧು. ಬಹು ಬೇಗ ಬೆಳೆಯುತ್ತದೆ. ಒಂದು ಘನ ಮೀಟರ್ ನೀರು 1,000 ಕಿಲೋ ತೂಗಿದರೆ, ಅಷ್ಟೇ ಗಾತ್ರದ ತೇಗ ಸುಮಾರು 650 ಕಿಲೋ, ಬಾಲ್ಸಾ ಬರೀ 100ರಿಂದ 200 ಕಿಲೋ. ತೂಕಕ್ಕೆ ಹೋಲಿಸಿದರೆ ಅದರ ಗಟ್ಟಿತನ ಆಶ್ಚರ್ಯಕರ. ಆದರೆ ಒಂದೇ ಅಂಗಡಿಯ, ಒಂದೇ ಅಳತೆಯ ಎರಡು ಹಲಗೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗಬಹುದು. ಆದ್ದರಿಂದ ಮಾದರಿ ಕಟ್ಟುವವರು ಗರಗಸಕ್ಕಿಂತ ಮೊದಲು ತಕ್ಕಡಿ ಹಿಡಿಯಬೇಕು. ಭಾರ ಹೊರುವ ಕಡೆಗೆ ಗಟ್ಟಿ ಹಲಗೆ, ಬಾಲಕ್ಕೆ ಅತಿ ಹಗುರವಾದದ್ದು ಎಂದು ಒಂದೊಂದನ್ನೂ ತೂಗಿ ಬೇರೆ ಮಾಡಬೇಕು.

ಹಂಚಿನ ಮನೆಯ ಮಾಡನ್ನು ಕಂಡವರಿಗೆ ವಿಮಾನದ ರೆಕ್ಕೆ ಅರ್ಥವಾಗುವುದು ಸುಲಭ. ಉದ್ದಕ್ಕೆ ಹಾಯುವ ತೊಲೆಯೇ ರೆಕ್ಕೆಯ ಬೆನ್ನೆಲುಬು. ಅದಕ್ಕೆ ಅಡ್ಡಲಾಗಿ, ಜಂತೆಗಳಂತೆ, ಒಂದೊಂದು ಗೇಣಿಗಿಂತ ಕಡಿಮೆ ಅಂತರದಲ್ಲಿ ತೆಳು ಬಾಲ್ಸಾದ ಪಕ್ಕೆಲುಬುಗಳು. ಪಕ್ಕೆಲುಬಿನ ಮೇಲಂಚು ಬಾಗಿರುತ್ತದೆ, ಕೆಳಗಿನದು ಹೆಚ್ಚುಕಡಿಮೆ ಚಪ್ಪಟೆ. ಗಾಳಿಯನ್ನು ಕೆಳಕ್ಕೆ ತಳ್ಳಿ ತಾನು ಮೇಲೇಳುವ ಗುಣ ರೆಕ್ಕೆಗೆ ಬರುವುದು ಈ ಆಕಾರದಿಂದ ಮತ್ತು ಅದು ಗಾಳಿಗೆ ಒಡ್ಡಿಕೊಳ್ಳುವ ಕೋನದಿಂದ. ಕೊನೆಗೆ ಹಂಚಿನ ಬದಲು ಹೊದಿಕೆ. ಹಿಲ್ ಬಳಸಿದ್ದು ಮೈಲಾರ್ ಎಂಬ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ.

ಮೊದಲಿನಿಂದ ಕಟ್ಟುವುದೆಂದರೆ ನಿಜಗಾತ್ರದ ನಕ್ಷೆಯನ್ನು ಕಾಗದದ ಮೇಲೆ ಬರೆಯುವುದರಿಂದ ಶುರು. ಸಪಾಟಾದ ಹಲಗೆಯ ಮೇಲೆ ನಕ್ಷೆ ಹಾಸಿ, ಅಂಟು ಹತ್ತದಂತೆ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ, ಗುಂಡುಸೂಜಿಗಳಿಂದ ಬಾಲ್ಸಾ ಕಡ್ಡಿಗಳನ್ನು ನಕ್ಷೆಯ ಗೆರೆಗೆ ಸರಿಯಾಗಿ ನಿಲ್ಲಿಸಿ ಅಂಟಿಸಬೇಕು. ಹಲಗೆ ಸೊಟ್ಟಗಿದ್ದರೆ ರೆಕ್ಕೆಯೂ ಸೊಟ್ಟ. ರೆಕ್ಕೆ ಸೊಟ್ಟಗಿದ್ದರೆ ಅದನ್ನು ಸರಿದೂಗಿಸಲು ಪಟ್ಟಿಗಳು ಸದಾ ತಿರುಗಿಕೊಂಡೇ ಇರಬೇಕು. ಅದರಿಂದ ಗಾಳಿಯ ತಡೆ ಹೆಚ್ಚು, ಇಂಧನ ನಷ್ಟ.

ಸಮತೋಲವೂ ಅಷ್ಟೇ ಮುಖ್ಯ. ವಿಮಾನದ ತೂಕವೆಲ್ಲ ಕೇಂದ್ರೀಕರಿಸಿದಂತಿರುವ ಬಿಂದು ರೆಕ್ಕೆಯ ಅಗಲದ ಮುಂಭಾಗದಲ್ಲಿ, ಮೂರನೆಯ ಒಂದಂಶದ ಒಳಗೆ ಇರಬೇಕು. ಬಾಲ ಈ ಬಿಂದುವಿನಿಂದ ದೂರ, ಮೂಗು ಹತ್ತಿರ. ಸನ್ನೆಗೋಲಿನ ಪಾಠ ನೆನಪಿದೆಯಲ್ಲ? ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಮೂಗಿನಲ್ಲಿ ಎರಡು ಮೂರು ಗ್ರಾಂ ಸೀಸ ಕಟ್ಟಬೇಕಾಗುತ್ತದೆ. ಬಾಲದಲ್ಲಿ ಬಳಿದ ಬಣ್ಣಕ್ಕೂ ಬೆಲೆ ತೆರಬೇಕು! ಅರ್ಧ ತೂಕ ಇಂಧನವೇ ಆಗಿರುವ ವಿಮಾನದಲ್ಲಿ ಟ್ಯಾಂಕು ಈ ಬಿಂದುವಿನ ಆಸುಪಾಸಿನಲ್ಲಿಯೇ ಕೂರಬೇಕು. ಇಲ್ಲವಾದರೆ ಇಂಧನ ಖರ್ಚಾದಂತೆ ವಿಮಾನ ಮೂಗನ್ನೋ ಬಾಲವನ್ನೋ ಕೆಳಗೆ ಹಾಕುತ್ತದೆ.

ಕಣ್ಣು ಸರಿಯಾಗಿದ್ದವರಿಗೇ ಇವೆಲ್ಲ ಕಷ್ಟದ ಕೆಲಸ. ಹಿಲ್ ಬಹುಪಾಲು ಬೆರಳುಗಳಿಂದ ತಡವಿ ನೋಡಿ ಕಟ್ಟಿದರು.

ಲಾಟೀನಿನ ಎಣ್ಣೆ

ಸಾಮಾನ್ಯ ಮಾದರಿ ಎಂಜಿನ್ನುಗಳಿಗೆ ಹಾಕುವುದು ಮೆಥನಾಲ್ ಮತ್ತು ಹರಳೆಣ್ಣೆಯಂಥ ಜಾರೆಣ್ಣೆಯ ಮಿಶ್ರಣ. ಪ್ಲಾಟಿನಂ ತಂತಿಯ ಸುರುಳಿಯೊಂದು ಕೆಂಪಗೆ ಕಾದು ಅದನ್ನು ಹೊತ್ತಿಸುತ್ತದೆ. ಎಂಜಿನ್ನು ಸುಲಭವಾಗಿ ಓಡುತ್ತದೆ. ಆದರೆ ಒಂದು ಕಿಲೋ ಮೆಥನಾಲ್ ಉರಿದರೆ ಸಿಗುವ ಶಕ್ತಿ ಸುಮಾರು 20 ಮೆಗಾಜೂಲ್, ಪೆಟ್ರೋಲ್ ಜಾತಿಯ ಇಂಧನದಲ್ಲಿ ಸುಮಾರು 44. ತೂಕವೇ ಶತ್ರುವಾದವರು ಯಾವುದನ್ನು ಆರಿಸಿಕೊಳ್ಳಬೇಕೆಂದು ಎಂಟನೆಯ ತರಗತಿಯ ಹುಡುಗನೂ ಹೇಳಿಯಾನು.

ಹಿಲ್ ಟ್ಯಾಂಕಿಗೆ ತುಂಬಿದ್ದು ಅಮೆರಿಕದಲ್ಲಿ ಶಿಬಿರಕ್ಕೆ ಹೋಗುವವರು ಕೋಲ್‌ಮನ್ ಲಾಟೀನಿಗೆ ಹಾಕುವ ಇಂಧನ. ನಮ್ಮಲ್ಲಿ ಮದುವೆ ದಿಬ್ಬಣಗಳಲ್ಲಿ, ಬಯಲಾಟಗಳಲ್ಲಿ ಉರಿಯುತ್ತಿದ್ದ ಪೆಟ್ರೊಮ್ಯಾಕ್ಸ್ ದೀಪಗಳ ಸೋದರನೇ ಆ ಲಾಟೀನು. ನಮ್ಮದಕ್ಕೆ ಸೀಮೆಎಣ್ಣೆ, ಅದಕ್ಕೆ ಪೆಟ್ರೋಲಿಗೆ ಹತ್ತಿರದ, ತಿಳಿಯಾದ ನಾಫ್ತಾ. ಮಸಿ ಕಟ್ಟದೆ ಶುದ್ಧವಾಗಿ ಉರಿಯುವುದು ಅದರ ಗುಣ. ಜಪಾನಿನ ಓ.ಎಸ್. ಕಂಪನಿಯ ನಾಲ್ಕು ಹೊಡೆತದ 10 ಸಿ.ಸಿ. ಎಂಜಿನ್ನನ್ನು ಈ ಇಂಧನಕ್ಕೆ ಒಗ್ಗುವಂತೆ, ಅದನ್ನು ಹನಿ ಹನಿಯಾಗಿ ಮಾತ್ರ ಕುಡಿಯುವಂತೆ ಮಾರ್ಪಡಿಸಲಾಯಿತು.

ಫಲಿತಾಂಶ ನೋಡಿ. ಇಡೀ ಪಯಣಕ್ಕೆ ಸುಟ್ಟದ್ದು ಒಂದು ಅಮೆರಿಕನ್ ಗ್ಯಾಲನ್‌ಗಿಂತ, ಅಂದರೆ 3.8 ಲೀಟರ್‌ಗಿಂತ ಕಡಿಮೆ. ಲೀಟರಿಗೆ 800 ಕಿಲೋಮೀಟರಿಗೂ ಹೆಚ್ಚು! ಗಂಟೆಗೆ 100 ಮಿಲಿಲೀಟರಿಗೂ ಕಡಿಮೆ, ಎಂದರೆ ಹೋಟೆಲಿನ ಒಂದು ಲೋಟ ಕಾಫಿಯಷ್ಟೂ ಇಲ್ಲ. ಇಂಧನ ಉರಿದಂತೆ ವಿಮಾನ ಹಗುರವಾಗುತ್ತ ಹೋಗುತ್ತದೆ, ಹಗುರವಾದಂತೆ ಅದನ್ನು ಹಾರಿಸಲು ಬೇಕಾದ ಶಕ್ತಿಯೂ ಇಳಿಯುತ್ತದೆ. ಆದ್ದರಿಂದ ಕೊನೆಯ ಲೀಟರು ಮೊದಲ ಲೀಟರಿಗಿಂತ ಹೆಚ್ಚು ದೂರ ಒಯ್ಯುತ್ತದೆ.

ಕಣ್ಣಿಂದ ಮರೆಯಾದ ಮೇಲೆ

ನೆಲದಲ್ಲಿ ನಿಂತು ಕಡ್ಡಿ ತಿರುಗಿಸಿ ಹಾರಿಸುವುದು ವಿಮಾನ ಕಣ್ಣಿಗೆ ಕಾಣುವವರೆಗೆ ಮಾತ್ರ ಸಾಧ್ಯ. ಆರಡಿ ರೆಕ್ಕೆ ಒಂದೆರಡು ಕಿಲೋಮೀಟರಿನಲ್ಲಿಯೇ ಚುಕ್ಕೆಯಾಗಿಬಿಡುತ್ತದೆ. ಮುಂದಿನ ಮೂರು ಸಾವಿರ ಕಿಲೋಮೀಟರ್?

ಅದಕ್ಕೆ ಸ್ವಯಂಚಾಲಕ ಬೇಕು. ಉಪಗ್ರಹಗಳ ಸಂಕೇತದಿಂದ ಸ್ಥಾನ ತಿಳಿಯುವ ಜಿ.ಪಿ.ಎಸ್. ಗ್ರಾಹಕ 'ನಾನು ಎಲ್ಲಿದ್ದೇನೆ' ಎಂದು ಹೇಳುತ್ತದೆ. ಗೈರೋ 'ನಾನು ವಾಲುತ್ತಿದ್ದೇನೆಯೇ' ಎಂದು ನೋಡುತ್ತದೆ. ಸಣ್ಣ ಗಣಕವೊಂದು ಇವೆರಡನ್ನೂ ಮೊದಲೇ ಕೊಟ್ಟ ದಾರಿಯೊಂದಿಗೆ ತಾಳೆ ನೋಡಿ ಸರ್ವೋಗಳಿಗೆ ಆಜ್ಞೆ ಕೊಡುತ್ತದೆ. ಆಗಾಗ ಉಪಗ್ರಹದ ಮೂಲಕ ತನ್ನ ಸ್ಥಾನವನ್ನು ನೆಲಕ್ಕೆ ತಿಳಿಸುತ್ತದೆ. ಇದನ್ನೆಲ್ಲ ಒದಗಿಸಲು ಹಿಲ್ ಅವರಿಗೆ ಗೆಳೆಯರ, ಸ್ವಯಂಸೇವಕರ ತಂಡವೇ ನೆರವಾಯಿತು. ಮೇರಿಲ್ಯಾಂಡಿನಲ್ಲಿ ಪರೀಕ್ಷಾ ಹಾರಾಟಗಳಿಗೆ ಜಾಗ ಕೊಟ್ಟ ಗೆಳೆಯ ಬಟ್ಸ್ ಅವರ ಹೊಲದ ನೆನಪಿಗೆ ವಿಮಾನಕ್ಕೆ 'ಸ್ಪಿರಿಟ್ ಆಫ್ ಬಟ್ಸ್ ಫಾರ್ಮ್' ಎಂಬ ಹೆಸರಾಯಿತು. ಲಿಂಡ್‌ಬರ್ಗರ ವಿಮಾನದ ಹೆಸರಿಗೆ ಇದು ತಮಾಷೆಯ ಜೋಡಿ. ಕಾಗದದ ಮೇಲೆ ಅದರ ಹೆಸರು 'ಟ್ಯಾಮ್-5'. 'ಟ್ರಾನ್ಸ್ ಅಟ್ಲಾಂಟಿಕ್ ಮಾಡೆಲ್' ಎಂಬುದರ ಸಂಕ್ಷೇಪ.

ಐದು ಎಂಬ ಅಂಕಿಯ ಹಿಂದೆ ಸೋಲುಗಳಿವೆ. 2002ರ ಆಗಸ್ಟಿನಲ್ಲಿ ಕಳಿಸಿದ ಯಾವ ವಿಮಾನವೂ ದಡ ಮುಟ್ಟಲಿಲ್ಲ. ತಿಂಗಳುಗಟ್ಟಲೆ ಗ್ರಾಂ ಗ್ರಾಂ ತೂಗಿ ಕಟ್ಟಿದ್ದು ಸಾಗರದ ಪಾಲಾದಾಗ ಎಪ್ಪತ್ತಾರರ ವಯಸ್ಸಿನಲ್ಲಿ, ಇಳಿಯುತ್ತಿರುವ ದೃಷ್ಟಿಯಲ್ಲಿ ಮತ್ತೆ ನಕ್ಷೆ ಹಾಸುವುದು ಸಣ್ಣ ಮಾತಲ್ಲ. 2003ರಲ್ಲಿ ಹಿಲ್ ಮತ್ತೆ ನ್ಯೂಫೌಂಡ್‌ಲೆಂಡಿಗೆ ಬಂದರು.

ಅಲ್ಲಿಂದಲೇ ಹೊರಟದ್ದಕ್ಕೂ ಕಾರಣವಿದೆ. ಉತ್ತರ ಅಮೆರಿಕ ಐರ್ಲೆಂಡಿಗೆ ಅತ್ಯಂತ ಹತ್ತಿರವಾಗುವುದು ಅಲ್ಲಿ. ಜೊತೆಗೆ ಆ ಅಕ್ಷಾಂಶದಲ್ಲಿ ಗಾಳಿ ಬಹುಮಟ್ಟಿಗೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. 1919ರ ಜೂನ್‌ನಲ್ಲಿ ಜಾನ್ ಆಲ್ಕಾಕ್ ಮತ್ತು ಆರ್ಥರ್ ಬ್ರೌನ್ ಮೊಟ್ಟಮೊದಲ ಬಾರಿಗೆ ಎಲ್ಲಿಯೂ ನಿಲ್ಲದೆ ಅಟ್ಲಾಂಟಿಕ್ ದಾಟಿದ್ದು ಇದೇ ದ್ವೀಪದಿಂದ. ಇಳಿದದ್ದು ಕ್ಲಿಫ್ಡನ್ ಬಳಿಯ ಜೌಗಿನಲ್ಲಿ. ಹಿಲ್ ಗುರಿಯಿಟ್ಟದ್ದೂ ಅದೇ ಕ್ಲಿಫ್ಡನ್ನಿಗೆ.

ಹಾರಿದ ಮೇಲೆ ವಿಮಾನ ಸುಮಾರು 300 ಮೀಟರ್ ಎತ್ತರದಲ್ಲಿ ಪೂರ್ವಕ್ಕೆ ಸಾಗಿತು. ಗಾಳಿಯ ನೆರವಿನಿಂದ ಸರಾಸರಿ ವೇಗ ಗಂಟೆಗೆ 78 ಕಿಲೋಮೀಟರ್. ಎರಡು ರಾತ್ರಿ ಕತ್ತಲಲ್ಲಿ ಹಾರಿತು. ನಡುವೆ ಕೆಲವು ಗಂಟೆ ಅದರಿಂದ ಸುದ್ದಿಯೇ ಬರಲಿಲ್ಲ. ಈ ಸಲವೂ ಮುಳುಗಿತೇನೋ ಎಂಬ ಆತಂಕ. ಮತ್ತೆ ಸಂಕೇತ ಬಂತು. ಐರ್ಲೆಂಡಿನ ದಡದಲ್ಲಿ ಪ್ರೇಷಕ ಹಿಡಿದು ಕಾದಿದ್ದವರು ಹಿಲ್ ಅವರ ಗೆಳೆಯ ಡೇವ್ ಬ್ರೌನ್, ಅಮೆರಿಕದ ಮಾದರಿ ವಿಮಾನ ಸಂಘದ ಅಂದಿನ ಅಧ್ಯಕ್ಷರು. 1919ರಲ್ಲಿಯೂ ಒಬ್ಬ ಬ್ರೌನ್, 2003ರಲ್ಲಿಯೂ ಒಬ್ಬ ಬ್ರೌನ್! ವಿಮಾನ ಕಣ್ಣಿಗೆ ಬಿದ್ದೊಡನೆ ಅವರು ಹಿಡಿತ ತೆಗೆದುಕೊಂಡು ಮೆಲ್ಲಗೆ ಇಳಿಸಿದರು. ಟ್ಯಾಂಕಿನಲ್ಲಿ ಉಳಿದಿದ್ದ ಇಂಧನ ತೀರಾ ಸ್ವಲ್ಪ. ಹಿಲ್ ಇದ್ದದ್ದು ಸಾಗರದ ಈಚೆ ದಡದಲ್ಲಿ. ತಾವು ಕಟ್ಟಿದ್ದು ಇಳಿಯುವುದನ್ನು ಅವರು ನೋಡಲಿಲ್ಲ. 2011ರಲ್ಲಿ, 85ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇನ್ನೂ ದೊಡ್ಡದು ಕಟ್ಟಬಾರದೆ?

ಆರಡಿಯ ವಿಮಾನ ಇಷ್ಟು ಮಾಡಿದರೆ ಹನ್ನೆರಡು ಅಡಿಯದು ಎಷ್ಟು ಮಾಡೀತು ಎಂದು ಕೇಳುವವರುಂಟು. ಮೂರು ನಾಲ್ಕು ಮೀಟರ್ ರೆಕ್ಕೆಯ ಭಾರಿ ಮಾದರಿಗಳನ್ನು ಕಟ್ಟುವ ಹವ್ಯಾಸಿಗಳು ಅನೇಕ ದೇಶಗಳಲ್ಲಿದ್ದಾರೆ. ಆದರೆ ಚಿಕ್ಕದರ ನಕ್ಷೆಯನ್ನು ಎರಡರಷ್ಟು ಹಿಗ್ಗಿಸಿದರೆ ದೊಡ್ಡ ವಿಮಾನವಾಗುವುದಿಲ್ಲ.

ಗೆಲಿಲಿಯೋ 1638ರ ಗ್ರಂಥದಲ್ಲಿಯೇ ಇದರ ಗುಟ್ಟನ್ನು ವಿವರಿಸಿದ್ದಾನೆ. ಎಲ್ಲ ಅಳತೆಗಳನ್ನೂ ಎರಡರಷ್ಟು ಮಾಡಿದರೆ ರೆಕ್ಕೆಯ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ, ಆದರೆ ಗಾತ್ರ ಮತ್ತು ತೂಕ ಎಂಟರಷ್ಟು. ಒಂದೂವರೆ ಮೀಟರ್ ರೆಕ್ಕೆಯ 2 ಕಿಲೋ ವಿಮಾನ ಮೂರು ಮೀಟರ್ ಆದಾಗ 16 ಕಿಲೋ! ರೆಕ್ಕೆಯ ಪ್ರತಿ ಚದರ ಅಂಗುಲವೂ ಮೊದಲಿನ ಎರಡರಷ್ಟು ಭಾರ ಹೊರಬೇಕು. ಕೆಳಗೆ ಬೀಳದೆ ಹಾರಲು ಬೇಕಾದ ಕನಿಷ್ಠ ವೇಗ ಎರಡರ ವರ್ಗಮೂಲದಷ್ಟು, ಅಂದರೆ 1.4 ಪಟ್ಟು ಏರುತ್ತದೆ. ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿದ್ದದ್ದು ಸುಮಾರು 50ರಲ್ಲಿ ಇಳಿಯುತ್ತದೆ. ತೂಕ ಎಂಟು ಪಟ್ಟು, ವೇಗದ ವರ್ಗ ಎರಡು ಪಟ್ಟು. ಹಾಗಾಗಿ ಎಲ್ಲಾದರೂ ಬಡಿದರೆ ಆ ಪೆಟ್ಟಿನ ಶಕ್ತಿ ಹದಿನಾರು ಪಟ್ಟು.

ಆದ್ದರಿಂದ ದೊಡ್ಡದು ಕಟ್ಟುವವರು ಅಗತ್ಯವಿಲ್ಲದ ಕಡೆಯೆಲ್ಲ ಮರ ಕೊರೆದು ತೆಗೆಯುತ್ತಾರೆ, ತೊಲೆಗೆ ಕಾರ್ಬನ್ ನಾರಿನ ಕೊಳವೆ ಬಳಸುತ್ತಾರೆ, ಹದಿನಾರು ಕಿಲೋ ಆಗಬೇಕಾದದ್ದನ್ನು ಹತ್ತರ ಆಸುಪಾಸಿಗೆ ಇಳಿಸುತ್ತಾರೆ. ಹತ್ತು ಕಿಲೋ ಕೂಡ ಜನರ ಮೇಲೆ ಬಿದ್ದರೆ ಪ್ರಾಣಕ್ಕೆ ಅಪಾಯ. ತೂಕದ ಲೆಕ್ಕ ಇಲ್ಲಿ ದಾಖಲೆಗಾಗಿ ಅಲ್ಲ, ಪಕ್ಕದಲ್ಲಿ ನಿಂತವರ ಕ್ಷೇಮಕ್ಕಾಗಿ.

ನಮ್ಮಲ್ಲಿ ಕಟ್ಟುವವರಿಗೆ

* ಭಾರತದ 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಕ್ಕೂ ಅನ್ವಯಿಸುತ್ತವೆ. ಒಟ್ಟು ತೂಕ 25 ಕಿಲೋ ಮೀರಬಾರದು. ಕಲಿಕೆ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ಮನರಂಜನೆಗೆ ಮಾತ್ರ ಬಳಸಬೇಕು. ಕಣ್ಣಳತೆಯೊಳಗೇ ಹಾರಿಸಬೇಕು. ಟ್ಯಾಮ್-5ರಂತೆ ದಿಗಂತದಾಚೆಗೆ ಕಳಿಸುವುದಕ್ಕೆ ಈ ವರ್ಗದಲ್ಲಿ ಅವಕಾಶವಿಲ್ಲ.

* ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಗುರುತಿಸಿದ ಸರ್ಕಾರಿ ನಕ್ಷೆಯನ್ನು ಮೊದಲು ನೋಡಿ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ಸುತ್ತಲೂ ವಿಮಾನ ನೆಲೆಗಳಿರುವ ಬೆಂಗಳೂರಿನವರಿಗೆ ಇದು ಇನ್ನೂ ಅಗತ್ಯ.

* ಹಾರಿಸುವ ಮೊದಲು ಪ್ರೇಷಕ ಎಷ್ಟು ದೂರ ಕೆಲಸ ಮಾಡುತ್ತದೆಂದು ನೆಲದ ಮೇಲೇ ಪರೀಕ್ಷಿಸಿ. ಸಂಕೇತ ತಪ್ಪಿದರೆ ಎಂಜಿನ್ನು ತಾನಾಗಿ ಇಳಿಮುಖವಾಗುವ ಏರ್ಪಾಡಿರಲಿ. ಜನರ ತಲೆಯ ಮೇಲೆ ಎಂದೂ ಹಾರಿಸಬೇಡಿ. ತಿರುಗುವ ಪ್ರೊಪೆಲರಿನ ನೇರಕ್ಕೆ ನಿಲ್ಲಬೇಡಿ.

* ಎನ್‌ಸಿಸಿ ವಾಯುವಿಭಾಗದ ಕೆಡೆಟ್‌ಗಳಿಗೆ ಮಾದರಿ ವಿಮಾನ ಕಟ್ಟುವುದು ತರಬೇತಿಯ ಭಾಗ. ಊರಿನ ಕಾಲೇಜಿನಲ್ಲಿ ಆ ವಿಭಾಗವಿದ್ದರೆ ವಿಚಾರಿಸಿ.

ಈಗ ಹಾರಲು ಸಿದ್ಧವಾದ ವಿಮಾನಗಳೇ ಡಬ್ಬಿಯಲ್ಲಿ ಸಿಗುತ್ತವೆ. ರೆಕ್ಕೆ ಸಿಕ್ಕಿಸಿ, ಬ್ಯಾಟರಿ ಹಾಕಿದರೆ ಮುಗಿಯಿತು. ಹಾರಿಸುವ ಸಂತೋಷ ಅದರಲ್ಲಿಯೂ ಇದೆ. ಆದರೆ ಅದು ಏಕೆ ಹಾರುತ್ತದೆ, ಏಕೆ ಬಿತ್ತು ಎಂಬುದನ್ನು ಡಬ್ಬಿ ಹೇಳಿಕೊಡುವುದಿಲ್ಲ. ಸಾಂದ್ರತೆ, ಸನ್ನೆಗೋಲು, ಗುರುತ್ವ ಕೇಂದ್ರ, ಇಂಧನದ ಕ್ಯಾಲೊರಿ ಮೌಲ್ಯ, ವಿಸ್ತೀರ್ಣ ಮತ್ತು ಗಾತ್ರಗಳ ಸಂಬಂಧ — ಟ್ಯಾಮ್-5ರಲ್ಲಿ ಕೆಲಸ ಮಾಡಿದ ವಿಜ್ಞಾನದ ಬಹುಭಾಗ ಹತ್ತನೆಯ ತರಗತಿಯ ಪುಸ್ತಕದೊಳಗೇ ಇದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ.

ಮುಂದಿನ ಬೇಸಿಗೆ ರಜೆಯಲ್ಲಿ ಮನೆಯ ಮಕ್ಕಳಿಗೆ ಒಂದು ಥರ್ಮೊಕೋಲ್ ಹಾಳೆ, ಸ್ವಲ್ಪ ಅಂಟು, ಗ್ರಾಂ ತೋರಿಸುವ ಒಂದು ತಕ್ಕಡಿ ಕೊಟ್ಟು ನೋಡಿ. ಎಂಜಿನ್ನಿಲ್ಲದ ಸಾದಾ ಗ್ಲೈಡರ್ ಕಟ್ಟಲಿ. ಅಂಟು ಹಚ್ಚುವ ಮೊದಲು ಒಮ್ಮೆ, ಹಚ್ಚಿದ ಮೇಲೆ ಒಮ್ಮೆ ತೂಗಿ ಪುಸ್ತಕದಲ್ಲಿ ಬರೆದಿಡಲಿ. ಮೂಗಿಗೆ ಒಂದು ಗುಂಡುಸೂಜಿ ಚುಚ್ಚಿದರೆ ಎಷ್ಟು ಅಡಿ ಹೆಚ್ಚು ಹೋಯಿತು, ಬಾಲಕ್ಕೆ ಚುಚ್ಚಿದರೆ ಏನಾಯಿತು ಎಂದು ಅಳೆಯಲಿ. ಅಂಗಳದ ಈ ತುದಿಯಿಂದ ಆ ತುದಿಗೆ ಅದು ಸರಾಗವಾಗಿ ತೇಲಿ ಹೋದ ದಿನ ಅವರಾಗಿಯೇ ಇನ್ನೊಂದನ್ನು, ಸ್ವಲ್ಪ ದೊಡ್ಡದನ್ನು ಕಟ್ಟಲು ಕೂರುತ್ತಾರೆ.